ಅರವತ್ತು ಕೆಜಿಯ ಒಳಗೆ

ಕೊಟ್ಟೂರಿನ ನಮ್ಮ ಮನೆಯ ಮಾಳಿಗೆ ಹತ್ತಿದರೆ ಕಾಲೇಜು ಮೈದಾನ ಕಾಣುತ್ತಿತ್ತು, ಆದರೆ ಪೂರ್ತಿ ಅಲ್ಲ. ನಡುವೆ ಒಂದು ಬೇವಿನ ಮರ. ಕಬಡ್ಡಿ ಪಂದ್ಯ ನಡೆಸುವವರು ಆಟಗಾರರಿಗೆ ನೆರಳಿರಲಿ ಎಂದು ಅಂಕಣವನ್ನು ಆ ಮರದ ಪಕ್ಕಕ್ಕೇ ಹಾಕುತ್ತಿದ್ದರು. ಅದರಿಂದ ನಮಗೆ ಅಂಕಣದ ಈಚೆಯ ಅರ್ಧ ಮತ್ತು ನಡುಗೆರೆ ಕಾಣುತ್ತಿದ್ದವು. ಆಚೆಯ ಅರ್ಧ ಕೊಂಬೆಗಳ ಹಿಂದೆ. ರೈಡಿಗೆ ಹೋದವನು ಕಬಡ್ಡಿ ಕಬಡ್ಡಿ ಅನ್ನುತ್ತ ಎಲೆಗಳ ಹಿಂದೆ ಸರಿದರೆ ಅಲ್ಲಿ ಅವನು ಯಾರನ್ನು ಮುಟ್ಟಿದ, ಅವನ ಕಾಲನ್ನು ಯಾರು ಹಿಡಿದರು ಅನ್ನುವುದು ನಮಗೆ ತಿಳಿಯುತ್ತಿರಲಿಲ್ಲ. ಅದನ್ನು ಡ್ರಿಲ್ ಮಾಸ್ತರು ಮೈಕಿನಲ್ಲಿ ಹೇಳಬೇಕು, ಮೈಕು ನಡೆಯಲು ಕರೆಂಟು ಇರಬೇಕು, ಕರೆಂಟು ಆ ವರ್ಷಗಳಲ್ಲಿ ತನಗೆ ಬೇಕಾದಾಗ ಬಂದು ಹೋಗುತ್ತಿತ್ತು. ಮೈದಾನಕ್ಕೆ ಹೋಗಿ ಗಂಡಸರ ನಡುವೆ ನಿಂತು ಆಟ ನೋಡುವುದು ನಮ್ಮ ಓಣಿಯ ಹೆಂಗಸರಿಗೆ ಇರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಯಾರೂ ಹೋಗುತ್ತಿರಲಿಲ್ಲ, ಅಷ್ಟೆ. ಹಾಗಾಗಿ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ವರ್ಷಕ್ಕೊಮ್ಮೆ ಮೂರು ದಿನ ತಲೆಯ ಮೇಲೆ ಸೆರಗು ಹೊದ್ದು, ಒಣಹಾಕಿದ ಮೆಣಸಿನಕಾಯಿ ಕಾಯುವ ನೆಪದಲ್ಲಿ ಮಾಳಿಗೆಯ ಮೇಲೆ ಕುಳಿತು ಅರ್ಧ ಕಬಡ್ಡಿ ನೋಡುತ್ತಿದ್ದಳು. ಪಕ್ಕದಲ್ಲಿ ನಾನು. ನನಗೆ ಆಗ ಹನ್ನೊಂದೋ ಹನ್ನೆರಡೋ.

ಅಪ್ಪ ಮೈದಾನದಲ್ಲೇ ಇರುತ್ತಿದ್ದ, ಆದರೆ ಆಟಕ್ಕಾಗಿ ಅಲ್ಲ, ತೂಕಕ್ಕಾಗಿ. ನಮ್ಮ ಕಡೆ ಪಂದ್ಯಗಳು ತೂಕದ ಮೇಲೆ ನಡೆಯುತ್ತವೆ. ಅರವತ್ತು ಕೆಜಿ ಒಳಗಿನ ಕಬಡ್ಡಿ ಎಂದು ಗೋಡೆಗೆ ಚೀಟಿ ಅಂಟಿಸಿದರೆ, ಅಂಕಣಕ್ಕೆ ಇಳಿಯುವ ಒಬ್ಬೊಬ್ಬನೂ ಅರವತ್ತರ ಒಳಗಿರಬೇಕೆಂದು ಅರ್ಥ. ಅಪ್ಪನದು ಶೇಂಗಾ ಮಂಡಿ. ಅಲ್ಲಿ ಚೀಲ ತೂಗುವ ಕಾಟಾ ಒಂದಿತ್ತು. ಕೆಳಗೆ ಕಬ್ಬಿಣದ ಹಲಗೆ, ಮೇಲೆ ಗುಂಡನೆಯ ಮುಖ, ಮುಖದಲ್ಲಿ ಒಂದು ಕೆಂಪು ಮುಳ್ಳು. ಹಳ್ಳಿಯವರು ಎರಡು ಮೂರು ಮಂಡಿ ದಾಟಿ ನಮ್ಮ ಮಂಡಿಗೇ ಬರುತ್ತಿದ್ದದ್ದು ಆ ಮುಳ್ಳಿನ ಮೇಲಿನ ನಂಬಿಕೆಯಿಂದ. ಊರಲ್ಲಿ ಅಪ್ಪನನ್ನು ಕಾಟಾ ಮಲ್ಲಪ್ಪ ಎಂದೇ ಕರೆಯುತ್ತಿದ್ದರು. ಹಾಗೆ ಕರೆದರೆ ಅವನು ಮುಖ ಗಂಟಿಕ್ಕುತ್ತಿದ್ದ, ಆದರೆ ಒಳಗೆ ಖುಷಿಪಡುತ್ತಿದ್ದ ಎಂದು ಅವ್ವ ಹೇಳುತ್ತಿದ್ದಳು. ಪಂದ್ಯದ ದಿನಗಳಲ್ಲಿ ಆ ಕಾಟಾವನ್ನು ಕೈಗಾಡಿಯ ಮೇಲೆ ಮೈದಾನಕ್ಕೆ ಒಯ್ಯುತ್ತಿದ್ದರು, ಹಿಂದೆ ಅಪ್ಪ ನಡೆದು ಹೋಗುತ್ತಿದ್ದ. ಒಂದು ವರ್ಷ ಯಾವುದೋ ತಂಡದವರು ತೂಕಕ್ಕೆ ತಮ್ಮನನ್ನು ನಿಲ್ಲಿಸಿ ಆಟಕ್ಕೆ ಅಣ್ಣನನ್ನು ಇಳಿಸಿದ್ದರಂತೆ. ಅಂದಿನಿಂದ ಮೊದಲ ದಿನ ಒಮ್ಮೆ, ಮೂರನೆಯ ದಿನ ಸೆಮಿಫೈನಲ್ಲಿಗೆ ಮುಂಚೆ ಇನ್ನೊಮ್ಮೆ ತೂಗುವ ಕ್ರಮ ಬಂದಿತ್ತು.

ಹೊರಗಿನಿಂದ ಬಂದ ತಂಡಗಳಿಗೆ ಊಟ ಹಾಕುವುದು ಊರಿನ ಮನೆಗಳ ಕೆಲಸ. ಕಮಿಟಿಯವರು ಚೀಟಿ ಎತ್ತಿ, ಯಾವ ತಂಡಕ್ಕೆ ಯಾವ ಮನೆ ಎಂದು ಗೊತ್ತು ಮಾಡುತ್ತಿದ್ದರು. ಮಲಗುವುದು ಶಾಲೆಯಲ್ಲಿ, ಉಣ್ಣುವುದು ಮನೆಯಲ್ಲಿ. ಮೂರು ದಿನ ಯಾವ ಮನೆಯಲ್ಲಿ ಉಂಡರೋ ಆ ಮನೆಗೆ ಅದು ತಮ್ಮ ತಂಡ. ಹಡಗಲಿಯ ತಂಡಕ್ಕೆ ಕೂಗುತ್ತಿದ್ದ ಕಿರಾಣಿ ಅಂಗಡಿಯವರು ಮರುವರ್ಷ ಹರಪನಹಳ್ಳಿಯವರಿಗೆ ಅಷ್ಟೇ ಗಂಟಲು ಹರಿದುಕೊಂಡು ಕೂಗುತ್ತಿದ್ದರು, ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ನಮ್ಮ ಮನೆಗೆ ಮಾತ್ರ ತಂಡ ಬರುತ್ತಿರಲಿಲ್ಲ. ತೂಗುವವನು ಉಣ್ಣಿಸಬಾರದು ಎಂದು ಅಪ್ಪ ಪ್ರತಿ ವರ್ಷ ನಮ್ಮ ಹೆಸರನ್ನು ಚೀಟಿಯಿಂದ ತೆಗೆಸುತ್ತಿದ್ದ. ಓಣಿಯ ಉಳಿದ ಅಜ್ಜಿಯರಿಗೆ ತಂಡವಿದೆ, ತನಗಿಲ್ಲ ಎನ್ನುವುದು ಅಜ್ಜಿಗೆ ವರ್ಷಗಳಿಂದ ಇದ್ದ ಸಂಕಟ. ಆ ವರ್ಷ ಚೀಟಿ ಎತ್ತುವ ಮುಂಚೆ ಅವಳು ಎರಡು ದಿನ ಅಪ್ಪನ ಕೂಡ ಮಾತು ಬಿಟ್ಟಳು. ಮೂರನೆಯ ದಿನ ನಮ್ಮ ಹೆಸರು ಚೀಟಿಯಲ್ಲಿ ಸೇರಿತು.

ನಮ್ಮ ಪಾಲಿಗೆ ಬಂದದ್ದು ಕೋಗಳಿ ಕಡೆಯ ಒಂದು ಸಣ್ಣ ಹಳ್ಳಿಯ ತಂಡ. ಕುರಿ ಕಾಯುವ, ಹೊಲ ಮಾಡುವ ಹುಡುಗರು. ಚಪ್ಪಲಿಗಳನ್ನು ಕಟ್ಟೆಯ ಕೆಳಗೆ ಸಾಲಾಗಿ ಬಿಟ್ಟು, ಪಡಸಾಲೆಯಲ್ಲಿ ಮೊಣಕಾಲಿಗೆ ಮೊಣಕಾಲು ಒತ್ತಿ ಕುಳಿತರು. ಅಜ್ಜಿ ಅವರಿಗೆಂದು ಮುತ್ತುಗದ ಎಲೆಯ ಪತ್ರೋಳಿ ತರಿಸಿದ್ದಳು. ತಾಟಿನಲ್ಲಿ ಬಡಿಸಿದರೆ ಆ ತಾಟು ಆಮೇಲೆ ಎಲ್ಲಿ ಇಡುವುದು ಅನ್ನುವ ಪ್ರಶ್ನೆ ಏಳುತ್ತಿತ್ತು. ಪತ್ರೋಳಿ ಹಾಕಿದರೆ ಪ್ರಶ್ನೆಯೂ ಅದರ ಜತೆ ತಿಪ್ಪೆಗೆ ಹೋಗುತ್ತಿತ್ತು. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಆಗ ನನಗೆ ಕಂಡದ್ದು ಎಲ್ಲರಿಗಿಂತ ತೆಳ್ಳಗಿನ, ಉದ್ದ ಕಾಲಿನ, ಇನ್ನೂ ಸರಿಯಾಗಿ ಮೀಸೆ ಬರದ ಬೀರಪ್ಪ. ಮೊದಲ ದಿನದ ತೂಕದಲ್ಲಿ ಅವನು ಐವತ್ತೊಂಬತ್ತೂ ಮುಕ್ಕಾಲು. ಅಷ್ಟು ಉದ್ದಕ್ಕೆ ಬೆಳೆದವನು ಅರವತ್ತರ ಒಳಗೆ ಉಳಿಯಲೆಂದು ಹದಿನೈದು ದಿನದಿಂದ ಒಪ್ಪೊತ್ತು ಉಂಡಿದ್ದನಂತೆ.

ಬೀರಪ್ಪನ ಆಟ ನಾಲ್ಕು ತಾಲೂಕಿಗೂ ಗೊತ್ತಿತ್ತು. ಅವನು ಒಬ್ಬನನ್ನು ಮುಟ್ಟಿ ಓಡಿ ಬಂದು ನಡುಗೆರೆ ದಾಟುತ್ತಿರಲಿಲ್ಲ. ಗೆರೆಯ ಒಂದು ಗೇಣು ಆಚೆಗೇ ನಿಂತು, ದಮ್ಮು ಹಿಡಿದುಕೊಂಡೇ ಹಿಂದಿರುಗಿ ಎದುರಾಳಿಗಳನ್ನು ನೋಡುತ್ತಿದ್ದ. ಅವರು ಹಿಡಿಯಲು ನುಗ್ಗಿದರೆ ಒಂದೇ ಹೆಜ್ಜೆ ಹಿಂದಕ್ಕಿಟ್ಟು ಈಚೆ ಬರುತ್ತಿದ್ದ. ಬಂದು ಬಲದೊಡೆಯನ್ನು ಒಮ್ಮೆ ಚಟ್ಟೆಂದು ತಟ್ಟುತ್ತಿದ್ದ. ಆ ಸದ್ದು ನಮ್ಮ ಮಾಳಿಗೆಗೆ ಕೇಳುತ್ತಿತ್ತು. ಮೈದಾನದಲ್ಲಿ ಅರ್ಧ ಜನ ಶಿಳ್ಳೆ ಹೊಡೆಯುತ್ತಿದ್ದರು, ಇನ್ನರ್ಧ ಜನ ಬೈಯುತ್ತಿದ್ದರು. ಅಪ್ಪ ಬೈಯುವ ಅರ್ಧದವನು. ಅದನ್ನು ಮೈದಾನದಲ್ಲಿ ಬೈಯದೆ ಮನೆಗೆ ತಂದು ಊಟದ ಹೊತ್ತಿಗೆ ಬೈಯುತ್ತಿದ್ದ. ಮುಟ್ಟಿದ್ದು ಆಟ, ಆಮೇಲಿನದ್ದು ಸೊಕ್ಕು ಎಂದು ಅವನ ವಾದ. ಒಂದು ಚೀಲ ತೂಗಿದ ಮೇಲೆ ತಾನು ಕುಣಿಯುತ್ತೇನೆಯೇ ಎಂದು ಕೇಳುತ್ತಿದ್ದ.

"ಕಾಟಾದ ಮುಳ್ಳು ತೊಡಿ ತಟ್ಟತೈತೇನು? ತೂಕ ತೋರಿಸಿ ಸುಮ್ಕ ನಿಂದ್ರತೈತಿ."

"ಮುಳ್ಳಿಗೆ ತೊಡಿ ಎಲ್ಲಿ ಐತೋ ಮಲ್ಲಪ್ಪ? ಇದ್ದಿದ್ರ ಅದೂ ತಟ್ಟತಿತ್ತು," ಅಂದಳು ಅಜ್ಜಿ.

ಅಜ್ಜಿಗೆ ಆ ತೊಡೆಯ ಸದ್ದು ಬೇಕಾಗಿತ್ತು. ಅವನು ಬೇವಿನ ಎಲೆಗಳ ಹಿಂದೆ ಹೋಗಿ ಏನು ಮಾಡಿದನೋ ನಮಗೆ ಕಾಣುತ್ತಿರಲಿಲ್ಲ, ಮೈಕು ಸತ್ತಿರುತ್ತಿತ್ತು. ಬರಿಗೈಯಲ್ಲಿ ಬಂದರೆ ಅವನು ತೊಡೆ ತಟ್ಟುತ್ತಿರಲಿಲ್ಲ, ಒಮ್ಮೆಯೂ ತಟ್ಟಲಿಲ್ಲ. ಚಟ್ ಎಂದರೆ ಒಂದು ಪಾಯಿಂಟು. ಅಜ್ಜಿ ಮಾಳಿಗೆಯ ಮೇಲೆ ಒಂದೊಂದು ಚಟ್ಟಿಗೆ ಒಂದೊಂದು ಮೆಣಸಿನಕಾಯಿ ಎತ್ತಿ ಬೇರೆ ಇಡುತ್ತಿದ್ದಳು. ಸಂಜೆ ಅಪ್ಪ ಬಂದು ಬೀರಪ್ಪನ ಪಾಯಿಂಟು ಹೇಳಿದರೆ ಅದು ಮೆಣಸಿನಕಾಯಿಗೆ ಸರಿ ಹೊಂದುತ್ತಿತ್ತು. ಅಂಥವನನ್ನು ಸೊಕ್ಕಿನವನೆಂದರೆ ಅವಳಿಗೆ ಮೈ ಉರಿಯುತ್ತಿತ್ತು. ಅವ್ವನದು ಮೂರನೆಯ ಪಕ್ಷ. ತೊಡೆ ತಟ್ಟುವುದು ಒಳ್ಳೆಯದೋ ಕೆಟ್ಟದೋ ಅವಳಿಗೆ ಬೇಕಿರಲಿಲ್ಲ. ಸಿಟ್ಟಿಗೆದ್ದ ಯಾರೋ ಆ ಹುಡುಗನ ಕಾಲು ಮುರಿಯುತ್ತಾರೆ, ಅವನ ತಾಯಿ ಅಳುತ್ತಾಳೆ, ಅಷ್ಟೇ ಅವಳ ಮಾತು. ನನ್ನದು ಯಾವ ಪಕ್ಷವೆಂದು ಯಾರೂ ಕೇಳಲಿಲ್ಲ. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಒದ್ದೆ ತೊಡೆಯ ಮೇಲೆ ತಟ್ಟಿ ನೋಡಿದೆ. ಒದ್ದೆ ಮೈಗೆ ಸದ್ದು ಚೆನ್ನಾಗಿ ಬರುತ್ತದೆ. ಅವ್ವ ಹೊರಗಿನಿಂದ ಬಾಗಿಲು ಬಡಿದು, ಹೆಣ್ಣುಮಕ್ಕಳು ಹಾಗೆ ಮಾಡಬಾರದು ಎಂದಳು. ಗಂಡುಮಕ್ಕಳು ಮಾಡಿದರೂ ಬೈಯುತ್ತೀರಲ್ಲ ಎಂದು ನಾನು ಒಳಗಿನಿಂದಲೇ ಹೇಳಿ, ಹೊರಗೆ ಬಂದ ಮೇಲೆ ಬೆನ್ನಿಗೆ ಒಂದು ತಿಂದೆ.

ಭಾನುವಾರ ಕ್ವಾರ್ಟರ್ ಫೈನಲ್. ಕೂಡ್ಲಿಗಿಯವರ ಮೇಲೆ ನಮ್ಮವರು ಗೆದ್ದರು, ಹನ್ನೊಂದು ಮೆಣಸಿನಕಾಯಿ. ಸೋಮವಾರ ಬೆಳಿಗ್ಗೆ ಸೆಮಿಫೈನಲ್, ಮಧ್ಯಾಹ್ನ ಫೈನಲ್. ಅವತ್ತು ಜಿಲ್ಲೆಯ ತಂಡಕ್ಕೆ ಹುಡುಗರನ್ನು ಆರಿಸುವವರು ಬಳ್ಳಾರಿಯಿಂದ ಬರುತ್ತಾರೆಂದು ಮೈಕಿನಲ್ಲಿ ಹೇಳಿದರು. ಜಿಲ್ಲೆಯ ತಂಡ ಸೇರಿದವನಿಗೆ ಪೊಲೀಸಿನಲ್ಲಿಯೋ ಬೇರೆ ಇಲಾಖೆಯಲ್ಲಿಯೋ ಕೆಲಸ ಸಿಗುವುದಿತ್ತು. ಆ ಹುಡುಗರಲ್ಲಿ ಅಂಥ ಯೋಗ್ಯತೆ ಇದ್ದವನು ಬೀರಪ್ಪ ಒಬ್ಬನೇ, ಅದು ಅವರಿಗೂ ಗೊತ್ತಿತ್ತು. ಭಾನುವಾರ ಸಂಜೆ ಊಟಕ್ಕೆ ಬಂದಾಗ ಉಳಿದವರೆಲ್ಲ ಅವನನ್ನು ನಡುವೆ ಕೂರಿಸಿಕೊಂಡರು. ಅವತ್ತು ಅಮಾವಾಸ್ಯೆ, ಮನೆಯಲ್ಲಿ ಹೋಳಿಗೆ. ಬೀರಪ್ಪ ಒಂದೇ ಒಂದು ತಿಂದು ಎಲೆಗೆ ಕೈ ಅಡ್ಡ ಹಿಡಿದ. ನಾನು ತುಪ್ಪದ ಗಿಂಡಿ ಹಿಡಿದು ಬಗ್ಗಿದ್ದೆ. ಅವನು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ನಾಳೆ ಮತ್ತೆ ತೂಕ ಇದೆ, ಅಮ್ಮಾರಿಗೆ ತಿಳಿಸಿ ಹೇಳು ತಂಗಿ ಎಂದ. ನಾನು ಅಡುಗೆಮನೆಗೆ ಹೋಗಿ ಹೇಳಿದೆ. ಅಜ್ಜಿ ನಕ್ಕಳು. ತಿಂದದ್ದು ರಕ್ತವಾಗುತ್ತದೆ, ಶಕ್ತಿಯಾಗುತ್ತದೆ, ತೂಕ ಯಾಕೆ ಆಗುತ್ತದೆ ಎಂದು ಅವಳ ಪ್ರಶ್ನೆ. ಕಾಟಾ ಇರುವ ಮನೆಯಲ್ಲಿ ನಲವತ್ತು ವರ್ಷ ಬಾಳಿದವಳು ಹೀಗೆ ಹೇಳಿದಳು. ಚೀಲದೊಳಗೆ ಸುರಿದದ್ದು ತೂಗುತ್ತದೆ, ಹೊಟ್ಟೆಯೊಳಗೆ ಹೋದದ್ದು ತೂಗುವುದಿಲ್ಲ ಎಂದು ಅವಳು ಮನಸಾರೆ ನಂಬಿದ್ದಳು.

ಆ ರಾತ್ರಿಯ ಊಟದಲ್ಲಿ ಅಪ್ಪನೂ ಅವರ ಸಾಲಿನಲ್ಲಿ ಕುಳಿತಿದ್ದ. ಕಟ್ಟಿನ ಸಾರು ಕಲಸುತ್ತ, ಯಾರನ್ನೂ ನೋಡದೆ, ನೀನು ತೊಡೆ ಯಾಕೆ ತಟ್ಟುತ್ತೀ ಎಂದು ಬೀರಪ್ಪನನ್ನು ಕೇಳಿಯೇಬಿಟ್ಟ. ಬೀರಪ್ಪ ಸಿಟ್ಟಾಗಲಿಲ್ಲ, ನಾಚಿಕೊಂಡ.

"ನಮ್ಮ ಹುಡುಗ್ರು ಔಟಾಗಿ ಹೊರಗ ಕುಂತಿರ್ತಾರ್ರಿ ಸಾವ್ಕಾರ್ರ. ನಾ ಒಬ್ಬನ್ನ ಮುಟ್ಟಿ ಬಂದ್ರ ಅವ್ರೊಳಗ ಒಬ್ಬ ತಿರಗ ಒಳಗ ಬರ್ತಾನ. ತಲಿ ಕೆಳಗ ಹಾಕ್ಕೊಂಡು ಕುಂತಿರ್ತಾನ್ರಿ ಪಾಪ. ಬಾರಲೇ ಅಂತ ಅವನ್ನ ಕರಿಯೋದು ಅದು."

ಅಪ್ಪ ಮಜ್ಜಿಗೆ ಹಾಕಿಸಿಕೊಂಡ. ಬೀರಪ್ಪನ ಮಾತು ಒಪ್ಪಿಗೆಯಾಯಿತೋ, ತಿರುಗಿ ಉತ್ತರ ಕೊಟ್ಟನಲ್ಲ ಎಂದು ಇನ್ನಷ್ಟು ಸಿಟ್ಟು ಬಂತೋ ಮುಖದಲ್ಲಿ ಕಾಣಲಿಲ್ಲ. ಅಪ್ಪನ ಮುಖ ಹಾಗೆಯೇ. ಬಾಗಿಲಲ್ಲಿ ನಿಂತ ಅಜ್ಜಿ ಮಾತ್ರ ಗೆದ್ದವಳ ಹಾಗೆ ಇನ್ನೊಂದು ಹೋಳಿಗೆ ತರಲು ಒಳಗೆ ಹೋದಳು, ಬೀರಪ್ಪ ಅಷ್ಟರಲ್ಲಿ ಎದ್ದು ಕೈ ತೊಳೆದುಕೊಂಡಿದ್ದ.

ಇನ್ನು ಅಪ್ಪನ ಪೂಜೆಯ ವಿಷಯ ಹೇಳಬೇಕು. ಬೆಳಿಗ್ಗೆ ಸ್ನಾನವಾದ ಮೇಲೆ ಅವನು ದೇವರ ಮನೆಯಲ್ಲಿ ಕುಳಿತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಅರ್ಧ ತಾಸು ಪೂಜೆ ಮಾಡುತ್ತಿದ್ದ. ವಿಭೂತಿ ಹಚ್ಚಿಕೊಂಡ ಗಳಿಗೆಯಿಂದ ಕಣ್ಣಿಗೆ ಒತ್ತಿಕೊಂಡು ಏಳುವವರೆಗೆ ಮಾತಿಲ್ಲ. ಅದು ಅವನ ತಂದೆಯಿಂದ ಬಂದ ನೇಮ. ಮಂಡಿಯಿಂದ ಆಳು ಬಂದು ನಿಂತರೂ, ಒಮ್ಮೆ ನೆಂಟರ ಸಾವಿನ ಸುದ್ದಿ ತಂದವರು ಬಂದಾಗಲೂ, ಅವರು ಪಡಸಾಲೆಯಲ್ಲಿ ಕುಳಿತು ಕಾದರು. ಒಂದು ಸಲ ಮಾತ್ರ ನಾನು ಬರಿಗಾಲಲ್ಲಿ ಹೊಸ್ತಿಲ ಬಳಿ ಕುಳಿತು ಲೆಕ್ಕ ಬರೆಯುತ್ತಿದ್ದಾಗ ನನ್ನ ಪಕ್ಕಕ್ಕೆ ಚೇಳು ಬಂತು. ಆಗಲೂ ಅಪ್ಪ ಮಾತಾಡಲಿಲ್ಲ. ಬಲಗೈಯ ಬೆರಳು ಚಾಚಿ ತೋರಿಸಿದ, ನಾನು ಹಾರಿ ಎದ್ದೆ, ಅವ್ವ ಬಂದು ಹೊಡೆದಳು. ಆಮೇಲೆ ಅಜ್ಜಿ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ನನ್ನ ಮಗ ನೇಮವನ್ನೂ ಉಳಿಸಿಕೊಂಡ, ಮಗಳನ್ನೂ ಉಳಿಸಿಕೊಂಡ ಎಂದು.

ಸೋಮವಾರ ಬೆಳಿಗ್ಗೆ ತಂಡದವರು ಚಹಾಕ್ಕೆ ಬಂದರು. ಚಹಾ ಕುಡಿದು ಹೊರಟರು. ಬೀರಪ್ಪ ಚಹಾವನ್ನೂ ಮುಟ್ಟಿರಲಿಲ್ಲ. ಕಟ್ಟೆ ಇಳಿಯಬೇಕು ಅನ್ನುವಷ್ಟರಲ್ಲಿ ಅಜ್ಜಿ ದೊಡ್ಡ ಚೊಂಬಿನ ತುಂಬ ಕಾಯಿಸಿದ ಹಾಲಿಗೆ ನಿನ್ನೆಯ ಎರಡು ಹೋಳಿಗೆ ಮುರಿದು ಹಾಕಿ ನನ್ನ ಕೈಗೆ ಕೊಟ್ಟು, ಅವನನ್ನು ಕರೆದಳು. ಬರಿ ಹೊಟ್ಟೆಯಲ್ಲಿ ನನ್ನ ಹೊಸ್ತಿಲು ದಾಟಿ ಕಾದಾಡಲು ಹೋಗಬೇಡ, ನನಗೆ ಒಳ್ಳೆಯದಾಗುವುದಿಲ್ಲ ಎಂದಳು. ಅವನು ತೂಕ ಇದೆ ಎಂದ. ಹಾಲು ಕುಡಿಯುವುದು, ತಿನ್ನುವುದಲ್ಲ ಎಂದಳು. ಮುದುಕಿಯ ಕೈಯ ಹಾಲು ಬೇಡ ಅನ್ನುವುದು ಅವನಿಗೆ ಆಗಲಿಲ್ಲ. ಅವನ ಜತೆಯವರು ಆಗಲೇ ಓಣಿಯ ತಿರುವಿನಲ್ಲಿದ್ದರು. ಅವನು ಪಡಸಾಲೆಯ ಆಚೆ, ತೆರೆದ ಬಾಗಿಲಿನ ಒಳಗೆ ನೋಡಿದ. ಅಲ್ಲಿ ಅಪ್ಪ ಪೂಜೆಗೆ ಕುಳಿತಿದ್ದ. ಅಪ್ಪ ತಲೆ ಎತ್ತಿದ. ಬೀರಪ್ಪನನ್ನು ನೋಡಿದ, ನನ್ನನ್ನು ನೋಡಿದ, ನನ್ನ ಕೈಯ ಚೊಂಬನ್ನು ನೋಡಿದ. ಬಲಗೈಯಲ್ಲಿ ಒಂದು ಪತ್ರೆ ಇತ್ತು. ಆ ಪತ್ರೆಯನ್ನು ಲಿಂಗದ ಮೇಲಿಟ್ಟು ತಲೆ ತಗ್ಗಿಸಿದ.

"ಸಾವ್ಕಾರ್ರು ಬ್ಯಾಡ ಅನ್ಲಿಲ್ಲಲ್ಲ. ಕೊಡು ತಂಗಿ," ಅಂದ ಬೀರಪ್ಪ.

ನಿಂತಲ್ಲಿಯೇ ಎತ್ತಿ ಕುಡಿದ. ತಳದಲ್ಲಿ ಉಳಿದ ಹೋಳಿಗೆಯ ಚೂರನ್ನೂ ಬೆರಳಿಂದ ತೆಗೆದು ತಿಂದ. ಹದಿನೈದು ದಿನದ ಹಸಿವು ಅದು.

ಆಮೇಲಿನದ್ದು ನಾನು ಮಾಳಿಗೆಯಿಂದ ಕಂಡಷ್ಟು, ಉಳಿದವರು ಹೇಳಿದಷ್ಟು. ಕಾಟಾ ಬೇವಿನ ಮರದ ಈಚೆಗೇ ಇತ್ತು, ಚೆನ್ನಾಗಿ ಕಾಣುತ್ತಿತ್ತು. ಬೀರಪ್ಪ ಹತ್ತಿ ನಿಂತ. ಅಪ್ಪ ಬಗ್ಗಿ ನೋಡಿ ಏನೋ ಹೇಳಿದ. ಜನ ಒತ್ತಿಕೊಂಡು ಬಂದರು. ಆರುನೂರು ಗ್ರಾಂ ಹೆಚ್ಚು. ಬನಿಯನ್ನು ತೆಗೆದ, ಉಡುದಾರಕ್ಕೆ ಕಟ್ಟಿದ ತಾಯಿತವನ್ನೂ ಬಿಚ್ಚಿದ, ಆದರೂ ಹೆಚ್ಚು. ಬೆವರಿಳಿಸಿ ಬಾ ಎಂದು ಕಮಿಟಿಯವರು ಅರ್ಧ ತಾಸು ಕೊಟ್ಟರು. ತಾನು ಕುಡಿಸಿದ ಹಾಲು ತೂಗಿತೆಂದು ಅಜ್ಜಿಗೆ ಆಗ ತಿಳಿಯಿತು. ಅವಳು ಕೆಳಗಿಳಿದು ಹೋಗಿ ಮನೆಯ ಕರಿ ಕಂಬಳಿ ತಂದು ನನ್ನ ಮೈಮೇಲೆ ಎಸೆದು ಓಡು ಎಂದಳು. ನಾನು ಮೊದಲ ಸಲ ಆ ಮೈದಾನಕ್ಕೆ ಹೋದದ್ದು ಹಾಗೆ. ಬೀರಪ್ಪ ಕಂಬಳಿ ಹೊದ್ದು ಬಿಸಿಲಲ್ಲಿ ಮೈದಾನ ಸುತ್ತತೊಡಗಿದ. ತೊಡೆ ತಟ್ಟುವವನನ್ನು ಬೈಯುತ್ತಿದ್ದವರಿಗೆ ಅದು ಹಬ್ಬ. ಈಗ ತಟ್ಟಲೇ, ಈಗ ತಟ್ಟು ಎಂದು ಒಂದೊಂದು ಸುತ್ತಿಗೂ ಕೂಗಿದರು. ಅವನು ಯಾರ ಕಡೆಗೂ ನೋಡದೆ ಓಡಿದ, ಉಗುಳುತ್ತ ಓಡಿದ, ಕೊನೆಗೆ ಬೇವಿನ ಬುಡದಲ್ಲಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಲು ನೋಡಿದ, ಬರಲಿಲ್ಲ. ಮತ್ತೆ ಕಾಟಾ ಹತ್ತಿದ. ನಾನು ಕಂಬಳಿ ಹಿಡಿದು ಮೂರು ಮಾರು ದೂರದಲ್ಲಿ ನಿಂತಿದ್ದೆ. ಮುಳ್ಳು ಅರವತ್ತನ್ನು ದಾಟಿ ನಿಂತಿತು.

"ಇನ್ನೂರು ಐತಿ," ಅಂದ ಅಪ್ಪ.

ಇನ್ನೂರು ಗ್ರಾಂ ಏನು ಮಹಾ, ಬಿಡ್ರಿ ಎಂದು ಡ್ರಿಲ್ ಮಾಸ್ತರು ಹೇಳಿದರು. ಎದುರು ತಂಡದವರು ಬಿಡಬಾರದು ಎಂದರು. ರಾತ್ರಿ ಊಟದಲ್ಲಿ ಅಪ್ಪ ಕೇಳಿದ್ದು ಹೊರಗೆ ಹೋಗಿರಬೇಕು, ಗುಂಪಿನಲ್ಲಿ ಯಾರೋ, ತೊಡೆ ತಟ್ಟುವುದು ಕಂಡರೆ ಆಗದು, ಅದಕ್ಕೆ ಕಾಟಾ ಹಿಡಿದು ಸೇಡು ತೀರಿಸಿಕೊಳ್ಳುತ್ತಾನೆ ಎಂದರು. ಇನ್ಯಾರೋ, ಉಣ್ಣಿಸಿದವನೇ ಹೊರಗೆ ಹಾಕಿದ ಎಂದು ನಕ್ಕರು. ಅಪ್ಪನ ಕಿವಿ ಕೆಂಪಾದದ್ದು ನನಗೆ ಕಂಡಿತು. ಬೇರೆ ಮಂಡಿಯ ಕಾಟಾ ತಂದು ತೂಗಿರಿ, ನಾನು ಕಾಯುತ್ತೇನೆ ಎಂದಷ್ಟೇ ಹೇಳಿದ. ಯಾರೂ ಹೋಗಲಿಲ್ಲ. ಅಪ್ಪನ ಕಾಟಾ ಸುಳ್ಳು ಹೇಳುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅವತ್ತೂ ಅದು ನಿಜವನ್ನೇ ಹೇಳಿತ್ತು. ಬೀರಪ್ಪನಿಲ್ಲದ ತಂಡ ಅರ್ಧ ಆಟಕ್ಕೇ ಕೈಚೆಲ್ಲಿ ಸೋತಿತು. ಬಳ್ಳಾರಿಯಿಂದ ಬಂದವರು ಗೆದ್ದ ತಂಡದ ಇಬ್ಬರ ಹೆಸರು ಬರೆದುಕೊಂಡು ಹೋದರು. ಅಜ್ಜಿ ಮತ್ತೆ ಮಾಳಿಗೆ ಹತ್ತಲಿಲ್ಲ, ಮೆಣಸಿನಕಾಯಿ ಮೇಲೆಯೇ ಉಳಿದವು.

ಮಧ್ಯಾಹ್ನ ಕೊನೆಯ ಊಟಕ್ಕೆ ಅವರು ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆವು, ಬಂದರು. ಬೀರಪ್ಪ ಮುಖ ತೊಳೆದು, ತಲೆ ಬಾಚಿಕೊಂಡು, ಎಲ್ಲರಿಗಿಂತ ಮೊದಲು ಬಂದು ಎಲೆಯ ಮುಂದೆ ಕುಳಿತ. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಅದನ್ನು ನಾನು ಇಂದಿಗೂ ಆಣೆ ಇಟ್ಟು ಹೇಳಬಲ್ಲೆ.

"ಈಗ ಹಾಕ್ರಿ ಅಮ್ಮಾರ. ಈಗ ಯಾರೂ ತೂಗಂಗಿಲ್ಲ."

ಅಜ್ಜಿ ಉಳಿದಿದ್ದ ಹೋಳಿಗೆಯನ್ನೆಲ್ಲ ಅವನ ಎಲೆಗೆ ಹಾಕಿದಳು. ಅವನು ಐದು ತಿಂದ. ಅಜ್ಜಿ ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತಳು. ಅಪ್ಪ ಊಟಕ್ಕೆ ಬರಲಿಲ್ಲ, ಮಂಡಿಯಲ್ಲಿದ್ದ. ಅವನು ಬಂದದ್ದು ಹುಡುಗರು ಬಸ್ಸು ಹತ್ತಿದ ಮೇಲೆ. ಪಡಸಾಲೆಯಲ್ಲಿ ಅಂಗಿ ಕಳಚುತ್ತಿದ್ದವನ ಮುಂದೆ ಅಜ್ಜಿ ಹೋಗಿ ನಿಂತಳು. ನಾನು ಕಂಬದ ಪಕ್ಕದಲ್ಲಿದ್ದೆ.

"ನಾನು ತಿಳಿಲಾರದಾಕಿ, ಕುಡಿಸಿದೆ. ನೀ ನೋಡಿದಿ."

"ಪೂಜಿಯೊಳಗಿದ್ದೆ ಯವ್ವ."

"ಚೇಳಿಗೆ ಬೆರಳು ತೋರ್ಸಿದ್ದಿ," ಅಂದಳು ಅಜ್ಜಿ.

ಅಪ್ಪ ಕಳಚಿದ ಅಂಗಿಯನ್ನು ಮತ್ತೆ ತೊಟ್ಟುಕೊಂಡು ಮಂಡಿಗೆ ಹೋದ. ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಏಳಲಿಲ್ಲ. ಅವನು ಬೇಕೆಂದೇ ಸುಮ್ಮನಿದ್ದನೋ, ಒಂದು ಚೊಂಬು ಹಾಲು ಅಷ್ಟು ತೂಗುತ್ತದೆಂದು ಆ ಗಳಿಗೆಯಲ್ಲಿ ಹೊಳೆಯಲಿಲ್ಲವೋ, ನೇಮ ದೊಡ್ಡದೆನಿಸಿತೋ ನನಗೆ ಗೊತ್ತಿಲ್ಲ. ಹಗಲೆಲ್ಲ ತೂಕದಲ್ಲೇ ಬದುಕುವವನಿಗೆ ಹೊಳೆಯಲಿಲ್ಲ ಎಂದು ನಂಬುವುದು ಕಷ್ಟ. ಆದರೆ ನನಗೂ ಗೊತ್ತಿತ್ತಲ್ಲ. ನಾಳೆ ತೂಕ ಇದೆ ಎಂದು ಬೀರಪ್ಪ ಹೇಳಿದ್ದು ನನಗೆ. ನನ್ನ ಕೈಯಲ್ಲಿ ಲಿಂಗ ಇರಲಿಲ್ಲ, ನನಗೆ ಯಾವ ನೇಮವೂ ಇರಲಿಲ್ಲ, ಚೊಂಬು ಒಂದಿಷ್ಟು ಓರೆ ಮಾಡಿದ್ದರೆ ಹಾಲು ನೆಲಕ್ಕೆ ಚೆಲ್ಲುತ್ತಿತ್ತು. ಅವನು ಕೊಡು ತಂಗಿ ಎಂದದ್ದು ನನಗೆ ಖುಷಿಯಾಗಿತ್ತು, ಅದಕ್ಕೆ ಕೊಟ್ಟೆ. ಇದನ್ನು ಯಾರೂ ನನ್ನಲ್ಲಿ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದೆ ಎಷ್ಟೋ ಕಡೆ ದೊಡ್ಡವರ ಮುಂದೆ ನಾನು ಅನವಶ್ಯಕವಾಗಿ ಬಾಯಿ ಹಾಕಿ ಜಗಳಗಂಟಿ ಅನ್ನಿಸಿಕೊಂಡಿದ್ದೇನೆ. ಅದರ ಮೂಲ ಆ ಬೆಳಗಿನಲ್ಲಿದೆ ಎಂದು ಕಾಣುತ್ತದೆ.

ಮನೆ ಮೊದಲಿನಂತೆಯೇ ನಡೆಯಿತು, ಒಂದು ವಿಷಯ ಬಿಟ್ಟು. ಅಲ್ಲಿಯವರೆಗೆ ಅಪ್ಪ ಊಟಕ್ಕೆ ಕುಳಿತರೆ ಮೊದಲ ರೊಟ್ಟಿ ಅಜ್ಜಿಯ ಕೈಯಿಂದ. ಸೊಸೆ ಬಂದು ಎಷ್ಟು ವರ್ಷವಾದರೂ ಅದೊಂದನ್ನು ಅವಳು ಬಿಟ್ಟುಕೊಟ್ಟಿರಲಿಲ್ಲ. ಅವತ್ತಿನಿಂದ ಬಿಟ್ಟುಕೊಟ್ಟಳು. ಮಾತಾಡುತ್ತಿದ್ದಳು, ಔಷಧ ತರಲು ಹೇಳುತ್ತಿದ್ದಳು, ಹೊಲದ ವಿಷಯ ಕೇಳುತ್ತಿದ್ದಳು. ರೊಟ್ಟಿಯ ಬುಟ್ಟಿ ಮಾತ್ರ ಮುಟ್ಟುತ್ತಿರಲಿಲ್ಲ. ಅಪ್ಪ ಮರುವರ್ಷದಿಂದ ಕಾಟಾವನ್ನು ಮೈದಾನಕ್ಕೆ ಕಳಿಸಿದ, ತಾನು ಹೋಗಲಿಲ್ಲ. ಬೇರೆ ಯಾರೋ ಮುಳ್ಳು ಓದಿದರು.

ನಾಲ್ಕೈದು ವರ್ಷದ ಮೇಲೆ ಬೀರಪ್ಪ ಒಮ್ಮೆ ಮಂಡಿಗೆ ಬಂದ. ಸಂತೆಗೆ ಕುರಿ ತಂದಿದ್ದನಂತೆ. ಮೈ ತುಂಬಿಕೊಂಡಿದ್ದ, ಮೀಸೆ ದಪ್ಪಗಾಗಿತ್ತು, ಮದುವೆಯಾಗಿ ಒಂದು ಮಗುವಿತ್ತು. ಕಬಡ್ಡಿ ಬಿಟ್ಟು ಮೂರು ವರ್ಷ ಎಂದ. ಅಪ್ಪನಿಗೆ ಊಟ ಒಯ್ದ ನಾನು ಅಲ್ಲೇ ಇದ್ದೆ. ಅವನು ಮಾತಾಡುತ್ತ ಮಾತಾಡುತ್ತ ತಾನಾಗಿಯೇ ಕಾಟಾದ ಮೇಲೆ ಹತ್ತಿ ನಿಂತು, ನೋಡ್ರಿ ಸಾವ್ಕಾರ್ರ, ಎಷ್ಟಾತು ಎಂದು ನಕ್ಕ. ಅಪ್ಪ ಬಗ್ಗಿ ನೋಡಿ ಎಪ್ಪತ್ತೆಂಟು ಎಂದ. ನಗಬೇಕೆಂದು ನೋಡಿದ, ಆಗಲಿಲ್ಲ. ಬೀರಪ್ಪ, ಅಜ್ಜಿಯನ್ನು ಕೇಳಿದೆನೆಂದು ತಿಳಿಸು ತಂಗಿ ಎಂದು ನನಗೆ ಹೇಳಿ ಹೋದ. ನಾನು ಮನೆಗೆ ಬಂದು ಹೇಳಿದೆ. ಎಷ್ಟು ತೂಗಿದ ಎಂದು ಅಜ್ಜಿ ಕೇಳಿದಳು, ಹೇಳಿದೆ.

ಅದೇ ವಾರದೊಳಗೆ ಒಂದು ಬೆಳಿಗ್ಗೆ. ಅಪ್ಪ ಪೂಜೆಗೆ ಕುಳಿತಿದ್ದ. ಅಜ್ಜಿಗೆ ಆಗಲೇ ಮೊಣಕಾಲು ಹೋಗಿದ್ದವು. ಅಡುಗೆಮನೆಯ ಬಾಗಿಲಿಗೆ ಒರಗಿ, ಕಾಲು ಚಾಚಿ ಅಕ್ಕಿ ಆರಿಸುತ್ತಿದ್ದಳು. ಅವ್ವ ಹಿತ್ತಲಲ್ಲಿ ಬಟ್ಟೆ ಹಾಕುತ್ತಿದ್ದಳು. ನಾನು ಪಡಸಾಲೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದೆ. ಒಲೆಯ ಮೇಲೆ ಹಾಲಿತ್ತು. ಅಜ್ಜಿಯ ಬೆನ್ನು ಒಲೆಗೆ, ನನ್ನ ಕಣ್ಣು ಕನ್ನಡಿಗೆ. ದೇವರ ಮನೆಯಿಂದ ಒಲೆ ನೇರವಾಗಿ ಕಾಣುತ್ತಿತ್ತು.

"ಹಾಲು ಉಕ್ಕತೈತಿ," ಅಂದ ಅಪ್ಪ.

ದೊಡ್ಡ ದನಿಯಲ್ಲೇನೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಆ ಕೋಣೆಯಿಂದ ಮನುಷ್ಯನ ದನಿ ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಾನು ಓಡಿಹೋಗಿ ಪಾತ್ರೆ ಇಳಿಸಿದೆ, ಕೈ ಸುಟ್ಟುಕೊಂಡೆ. ತಿರುಗಿ ನೋಡಿದರೆ ಅಜ್ಜಿ ಹಾಲಿನ ಕಡೆಗೆ ನೋಡುತ್ತಿರಲಿಲ್ಲ, ದೇವರ ಮನೆಯ ಕಡೆಗೆ ನೋಡುತ್ತಿದ್ದಳು. ಅಪ್ಪ ತಲೆ ತಗ್ಗಿಸಿ ಕುಳಿತಿದ್ದ, ಅಂಗೈಯ ಲಿಂಗದ ಮೇಲೆ ಕಣ್ಣು. ಅಜ್ಜಿ ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟಳು. ಕೈಗೆ ಹತ್ತಿದ ಹೊಟ್ಟನ್ನು ಒರೆಸಿಕೊಂಡಳು. ಆಮೇಲೆ ಕುಳಿತಲ್ಲಿಯೇ ಸೀರೆಯ ಮೇಲೆ ಬಲದೊಡೆಯನ್ನು ಒಮ್ಮೆ ಚಟ್ಟೆಂದು ತಟ್ಟಿದಳು.

ಅಪ್ಪ ತಲೆ ಎತ್ತಲಿಲ್ಲ. ಪೂಜೆ ಮುಗಿಸಿ, ಕಣ್ಣಿಗೆ ಒತ್ತಿಕೊಂಡು, ಎಂದಿನಂತೆ ಬಂದು ತಾಟಿನ ಮುಂದೆ ಕುಳಿತ. ಅವ್ವ ರೊಟ್ಟಿಯ ಬುಟ್ಟಿ ತೆಗೆದುಕೊಂಡು ಬಂದಳು. ಅಜ್ಜಿ ಬಾಗಿಲು ಹಿಡಿದು ಎದ್ದು, ಕಾಲೆಳೆಯುತ್ತ ಹೋಗಿ, ಅವಳ ಕೈಯಿಂದ ಬುಟ್ಟಿ ಇಸಿದುಕೊಂಡಳು.